ಎದುರಿನ ಸಾಲು

ನಾನು ಧಾರವಾಡದವನು, ಗೋವಾದಲ್ಲಿ ನೌಕರಿ. ಹಗಲೆಲ್ಲ ಆಫೀಸು, ಸಂಜೆಗೆ ಪೇಟಿ. ಹಾರ್ಮೋನಿಯಮ್ಮಿಗೆ ನಮ್ಮ ಹಾಗೆ ಇಲ್ಲಿಯವರೂ ಪೇಟಿ ಅಂತಲೇ ಅನ್ನುತ್ತಾರೆ; ಊರು ಹಿಡಿಸಲು ನನಗೆ ಅಷ್ಟೇ ಸಾಕಾಯಿತು.

ಇಲ್ಲಿಯ ಸಾಂಗೆ ತಾಲೂಕಿನ ಗಾವಡಾ ಬುಡಕಟ್ಟಿನ ಗಾಯಕಿಯೊಬ್ಬಳಿಗೆ ಸಾಥ್ ಕೊಡುತ್ತೇನೆ. ಖಯಾಲ್ ಕಲಿತವಳು. ದುರ್ಗಾ ರಾಗ ಹಾಡುತ್ತ ಹಾಡುತ್ತ ತನ್ನೂರಿನ ಧಾಲೋ ಹಾಡಿಗೆ ಇಳಿದುಬಿಡುತ್ತಾಳೆ. ಧಾಲೋ ಅಂದರೆ ಪೌಷ ಮಾಸದಲ್ಲಿ ಹೆಂಗಸರು ಒಬ್ಬರ ಸೊಂಟಕ್ಕೊಬ್ಬರು ಕೈ ಬಳಸಿಕೊಂಡು, ಎದುರುಬದುರು ಎರಡು ಸಾಲಾಗಿ ನಿಂತು ಹಾಡುವುದು. ಒಂದು ಸಾಲಿಗೆ ಇನ್ನೊಂದು ಸಾಲು ಓಗೊಡಬೇಕು. ಕಛೇರಿಯಲ್ಲಿ ಆ ಇನ್ನೊಂದು ಸಾಲು ನನ್ನ ಪೇಟಿ. ಜನ ವಾಹ್ ಅಂದಂದು ನನಗೂ ಒಂದಿಷ್ಟು ಕೊಂಬು ಬಂದಿತ್ತು.

ಅವಳ ಊರಲ್ಲಿ ಮಾತ್ರ ಧಾಲೋ ನಿಂತೇಹೋಗಿದೆ. ಪೌಷ ಅಂದರೆ ಈಗ ಟೂರಿಸ್ಟರ ಸೀಸನ್ನು; ಹೆಂಗಸರೆಲ್ಲ ಕಲಂಗುಟ್‌ನ ಹೋಟೆಲುಗಳಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿರುತ್ತಾರೆ. ವೇದಿಕೆಯ ಮೇಲಾದರೂ ತನ್ನ ತಾಯಿ ಇನ್ನೊಮ್ಮೆ ಸಾಲಿನಲ್ಲಿ ನಿಲ್ಲಲಿ ಎಂದು ಗಾಯಕಿಯ ಆಸೆ. ಒಂದು ಕಛೇರಿಗೆ ತಾಯಿಯನ್ನೂ ಆಕೆಯ ಗೆಳತಿಯರನ್ನೂ ಕರೆದಿದ್ದಳು. ಗೆಳತಿಯರು ಬರುತ್ತೇವೆಂದರು, ರಜೆ ಸಿಗಲಿಲ್ಲ. ತಾಯಿಯೊಬ್ಬಳೇ ಬಂದಳು.

ಹಿಂದೆ ಗಣಿಯಲ್ಲಿ ವಿಜಯಪುರದ ಹೆಂಗಸರ ಜೊತೆ ದುಡಿದು ಆಕೆ ನಮ್ಮ ಕನ್ನಡ ಕಲಿತಿದ್ದಳು. "ಒಬ್ಬಾಕಿ ನಿಂತ್ರ ಸಾಲ ಹೆಂಗ ಆಕ್ಕೈತ್ರಿ, ಮಾಸ್ತರ?" ಎಂದಳು.

"ಪೇಟಿ ಐತಲ್ರಿ, ಬರ್ರಿ," ಅಂದೆ.

ಮಗಳು ಧಾಲೋ ಹಾಡಿನ ಮೊದಲ ನುಡಿ ಹಾಡಿದಳು. ಓಗೊಡಲು ತಾಯಿ ಬಾಯಿ ತೆರೆದಳು. ಅಭ್ಯಾಸಬಲದಿಂದ ಎರಡೂ ಕೈಗಳು ಅಕ್ಕಪಕ್ಕ ಚಾಚಿದವು, ಪಕ್ಕದವರ ಸೊಂಟ ಹುಡುಕಿಕೊಂಡು. ಯಾರೂ ಇರಲಿಲ್ಲ. ಕೈ ಇಳಿಯಿತು, ದನಿಯೂ ಏಳಲಿಲ್ಲ. ನಾನು ಪೇಟಿಯಲ್ಲಿ ಓಗೊಟ್ಟೆ. ಕೈ ಚಾಚಿದ್ದನ್ನು ಅಭಿನಯ ಅಂದುಕೊಂಡು ಜನ ಚಪ್ಪಾಳೆ ಹೊಡೆದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅವರಿಗೇನು ಗೊತ್ತು ಪಾಪ ಅಂತಲೂ ಅನ್ನಿಸುತ್ತದೆ.

ಕಛೇರಿ ಮುಗಿದ ಮೇಲೆ ಒಳಗಿನ ಕೋಣೆಯಲ್ಲಿ ಮಗಳು ಅಳುತ್ತ ತಾಯಿಯ ಪಕ್ಕಕ್ಕೆ ಬಂದು ನಿಂತು ಸೊಂಟಕ್ಕೆ ಕೈ ಬಳಸಿದಳು. ತಾಯಿಯೂ ಬಳಸಿದಳು. ಇಬ್ಬರೂ ಹಾಗೇ ಸ್ವಲ್ಪ ತೂಗಿದರು. ಆಮೇಲೆ ತಾಯಿ ನನ್ನ ಕಡೆ ತಿರುಗಿದಳು.

"ಈಗ ಒಂದ್ ಸಾಲ ಆತ್ರಿ, ಮಾಸ್ತರ. ಎದುರಿಗೆ ಯಾರ ನಿಂದರತಾರ?"

ನಾನು ಅವರ ಎದುರಿಗೇ ಇದ್ದೆ. ಗಂಡಸು, ಆ ಸಾಲಿನಲ್ಲಿ ನಿಲ್ಲುವಂತಿಲ್ಲ. ಪೇಟಿಯನ್ನು ಆಗಲೇ ಮುಚ್ಚಿಬಿಟ್ಟಿದ್ದೆ.