ನನ್ನ ಗುಂಗುರು ಕೂದಲಿನ ಗುಟ್ಟು

ನಮ್ಮ ಅತ್ತೆ ನನ್ನನ್ನು ಒಪ್ಪಿಕೊಂಡದ್ದು ಜಡೆ ನೋಡಿ. ಇದನ್ನು ಅವರೇ ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದಾರೆ. ಹೆಣ್ಣು ನೋಡಲು ಮಂಚೇನಹಳ್ಳಿಗೆ ಬಂದ ದಿನ ಅವರು ನನ್ನ ಓದು ಕೇಳಲಿಲ್ಲ, ಅಡುಗೆ ಕೇಳಲಿಲ್ಲ. ನನ್ನ ಬೆನ್ನ ಹಿಂದೆ ಬಂದು ನಿಂತು, ಜಡೆಯ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡಿದರು. ಮನೆಯ ಹಿಂದಿನ ಶೆಡ್ಡಿನಲ್ಲಿ ಮೂವತ್ತು ವರ್ಷ ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಕೈ ಅದು. "ಎಳೆ ಚೆನ್ನಾಗೈತೆ," ಎಂದರು. ನಮ್ಮಮ್ಮ ನನ್ನ ಮುಖ ನೋಡಲಿಲ್ಲ, ನಾನು ನಮ್ಮಮ್ಮನ ಮುಖ ನೋಡಲಿಲ್ಲ.

ಏಕೆಂದರೆ ಆ ಜಡೆಗೆ ಆಗ ಆರೇ ದಿನದ ವಯಸ್ಸು.

ನನ್ನ ಹುಟ್ಟುಗೂದಲು ಗುಂಗುರು. ಗುಂಗುರು ಎಂದರೆ ಹಣೆಯ ಮೇಲೆ ನಾಜೂಕಾಗಿ ಆಡುವ ಮುಂಗುರುಳಲ್ಲ. ಬುಡದಿಂದಲೇ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು, ಕೆಳಗೆ ಇಳಿಯುವ ಯೋಚನೆಯನ್ನೇ ಮಾಡದೆ, ಸುತ್ತಲೂ ಬೆಳೆಯುವ ಕೂದಲು. ನಾಲ್ಕನೇ ಕ್ಲಾಸಿನಲ್ಲಿ ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲ್ ಒಳಗೆ ಜಾರಿ ಕಳೆದುಹೋಗಿ, ಭಾನುವಾರ ಎರೆದುಕೊಳ್ಳುವಾಗ ಸಿಕ್ಕಿತ್ತು. ಗೌರಿಬಿದನೂರಿನ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನ ಅಜ್ಜ ಒಬ್ಬರು, "ಒಸಿ ತಲೆ ಬಗ್ಗಿಸಮ್ಮ, ನನ್ನ ಸ್ಟಾಪ್ ಬಂತಾ ಕಾಣಿಸ್ತಿಲ್ಲ," ಎಂದಿದ್ದರು. ಅವರು ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಕಾಣಿಸುತ್ತಿರಲಿಲ್ಲ. ಮನೆಯಲ್ಲಿ ನನ್ನ ತಲೆ ಬಾಚುವುದೆಂದರೆ ಇಬ್ಬರ ಕೆಲಸ, ಒಬ್ಬರು ಭುಜ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಎಳೆಯಬೇಕು.

ಎರಡು ಸಂಬಂಧಗಳು ಬಂದು ಹಾಗೇ ಹಿಂದಿರುಗಿದ ಮೇಲೆ ನಮ್ಮಮ್ಮ ನನ್ನನ್ನು ಚಿಕ್ಕಬಳ್ಳಾಪುರದ ಒಂದು ಪಾರ್ಲರಿಗೆ ಕರೆದುಕೊಂಡು ಹೋದರು. ಅಲ್ಲಿ ತಲೆಗೆ ಏನೋ ಬಿಳಿ ಔಷಧ ಮೆತ್ತಿದರು. ಕೊಳೆತ ಮೊಟ್ಟೆಯ ವಾಸನೆ, ಕಣ್ಣಲ್ಲಿ ಧಾರಾಕಾರ ನೀರು, ಆಮೇಲೆ ಕಾದ ಇಸ್ತ್ರಿ. ಐದು ಗಂಟೆ ಕಳೆದ ಮೇಲೆ ಕನ್ನಡಿಯಲ್ಲಿ ಯಾರೋ ಕೂತಿದ್ದರು. ಅವರ ಕೂದಲು ಭುಜದಿಂದ ಕೆಳಗೆ ಸುರಿಯುತ್ತಿತ್ತು. ನನಗೆ ತುಂಬಾ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿ ತೆಗೆದಿಟ್ಟು ಕೂದಲು ಹಾರಿಸಿಕೊಂಡು ಬಂದೆ. ನನ್ನ ಕೂದಲು ಗಾಳಿಗೆ ಹಾರಿದ್ದು ಅದೇ ಮೊದಲು.

ತೊಂದರೆ ಏನೆಂದರೆ, ಬುಡದಲ್ಲಿ ಬೆಳೆಯುವ ಕೂದಲಿಗೆ ಮದುವೆಯ ವಿಷಯ ಗೊತ್ತಿರುವುದಿಲ್ಲ. ಅದು ಮತ್ತೆ ಗುಂಗುರಾಗಿಯೇ ಬರುತ್ತದೆ. ಹಾಗಾಗಿ ಆರು ತಿಂಗಳಿಗೊಮ್ಮೆ ಔಷಧ ಹಾಕಿಸಬೇಕು, ಹಾಕಿಸಿದ ಮೇಲೆ ಮೂರು ದಿನ ತಲೆಗೆ ನೀರು ಹಾಕುವಂತಿಲ್ಲ, ಕಟ್ಟುವಂತಿಲ್ಲ, ಕಿವಿಯ ಹಿಂದಕ್ಕೆ ಸರಿಸುವಂತೆಯೂ ಇಲ್ಲ. ಶುಕ್ರವಾರ ಬಂತೆಂದರೆ ತಲೆಗೆ ಎರೆದುಕೊಳ್ಳಲೇಬೇಕಾದ ಅತ್ತೆಯ ಮನೆಯಲ್ಲಿ ಇದೆಲ್ಲ ಆಗುವ ಮಾತೇ? ಆರು ತಿಂಗಳಿಗೊಮ್ಮೆ ನನಗೆ ಅಮ್ಮನ ನೆನಪು ಉಕ್ಕಿ ಬರುತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಇಳಿದು ಕೆಲಸ ಮುಗಿಸಿಕೊಂಡು ತವರಿಗೆ ಹೋಗಿ, ಮೂರು ದಿನ ಬೆನ್ನು ನೆಟ್ಟಗೆ ಮಾಡಿಕೊಂಡು ಗೊಂಬೆಯ ಹಾಗೆ ಕೂತು, ನಾಲ್ಕನೆಯ ದಿನ ತಲೆ ತೊಳೆದು ವಾಪಸಾಗುತ್ತಿದ್ದೆ. "ನಮ್ಮ ಸೊಸೆಗೆ ತಾಯಿ ಅಂದ್ರೆ ಪ್ರಾಣ," ಎಂದು ಅತ್ತೆ ಮೆಚ್ಚಿಕೊಂಡರು. ನನ್ನ ಗಂಡನಿಗೆ ಮಾತ್ರ ಮೊದಲ ವರ್ಷವೇ ವಿಷಯ ಗೊತ್ತಾಯಿತು. "ನಿನ್ನ ತಲೆ, ನಿನ್ನ ಇಷ್ಟ. ಆದ್ರೆ ನಮ್ಮಮ್ಮನ ಮುಂದೆ ನನ್ನ ಕೇಳ್ಬೇಡ," ಎಂದರು.

ಬಸುರಿಯಾದಾಗ ಆ ಔಷಧ ಬೇಡವೆಂದು ಡಾಕ್ಟರ್ ಹೇಳಿದರು. ಬಾಣಂತನ ಮುಗಿಸಿ, ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಶಿಡ್ಲಘಟ್ಟಕ್ಕೆ ಮರಳಿದ ವಾರವೇ ಲಾಕ್‌ಡೌನ್ ಬಂತು. ಪಾರ್ಲರಿಗೆ ಬೀಗ, ತವರಿಗೂ ದಾರಿಯಿಲ್ಲ, ತಲೆಯ ಮೇಲೆ ಒಂದು ವರ್ಷದ ಗುಂಗುರು ಬೆಳೆ. ಆಗ ನನ್ನನ್ನು ಕಾಪಾಡಿದ್ದು ಬಾಣಂತಿಯ ಸ್ಕಾರ್ಫು. ಬಾಣಂತಿಯ ಕಿವಿಗೆ, ತಲೆಗೆ ಗಾಳಿ ತಾಗಬಾರದಲ್ಲ, ನಾನು ಹಣೆಯಿಂದ ಕತ್ತಿನವರೆಗೂ ಬಿಗಿದುಕೊಂಡೆ. ಐದನೆಯ ತಿಂಗಳಾಯಿತು, ಏಳನೆಯದಾಯಿತು, ಬೇಸಿಗೆಯ ಸೆಕೆಯಲ್ಲೂ ಬಿಚ್ಚಲಿಲ್ಲ. ಅತ್ತೆ ತಮ್ಮ ತವರಾದ ಚಿಂತಾಮಣಿಗೆ ಫೋನ್ ಮಾಡಿ, "ಈಗಿನ ಕಾಲ್ದಲ್ಲಿ ಇಷ್ಟು ಪಥ್ಯ ಮಾಡೋ ಬಾಣಂತಿ ಇನ್ನೊಬ್ಳಿಲ್ಲ," ಎಂದು ನನ್ನನ್ನು ಹಾಡಿ ಹೊಗಳಿದರು. ಸ್ಕಾರ್ಫಿನ ಒಳಗೆ ನಾನು ಬೆವರುತ್ತಿದ್ದೆ.

ಇಷ್ಟರಲ್ಲಿ ಮಗಳ ತಲೆಯಲ್ಲಿ ಕೂದಲು ಬಂತು. ಮೆತ್ತಗೆ, ಕಪ್ಪಗೆ, ಬುಡದಿಂದಲೇ ಸುತ್ತಿಕೊಂಡು.

"ಇದ್ಯಾರ ಕೂದ್ಲೇ?" ಎಂದು ಅತ್ತೆ ಬೆರಗಾದರು. ಮಗನ ತಲೆ ನೋಡಿದರು, ನೇರ. ನನ್ನ ಸ್ಕಾರ್ಫು ನೋಡಿದರು, ಅದರೊಳಗಿನ ರೇಷ್ಮೆ ನೆನೆದು ತೃಪ್ತಿಪಟ್ಟರು. ಕೊನೆಗೆ ಗೋಡೆಯ ಮೇಲಿದ್ದ ತಮ್ಮ ಮಾವನ ಫೋಟೊ ಕಡೆ ತಿರುಗಿದರು. ಅವರದು ಇರುವುದು ಅದೊಂದೇ ಫೋಟೊ, ಅದರಲ್ಲಿ ತಲೆತುಂಬ ಪೇಟ. ಅತ್ತೆ ಮದುವೆಯಾಗಿ ಬರುವ ಹೊತ್ತಿಗೆ ಮಾವಯ್ಯನ ತಲೆ ಬೋಳಾಗಿತ್ತಂತೆ. "ಪೇಟದ ಕೆಳಗೆ ಏನಿತ್ತೋ ಯಾರಿಗ್ಗೊತ್ತು. ಇದು ಇವರದ್ದೇ," ಎಂದು ತೀರ್ಪು ಕೊಟ್ಟರು. ಗಂಡ ಫ್ಯಾನ್ ಕಡೆ ನೋಡಿದರು. ನಾನು ಮಗುವಿಗೆ ಹಾಲು ಕುಡಿಸುವ ನೆಪ ಮಾಡಿ ಒಳಗೆ ಹೋದೆ. ಪಾಪ, ಆ ಹಿರಿಯರು ತಮ್ಮ ಪರವಾಗಿ ಒಂದು ಮಾತೂ ಆಡುವಂತಿರಲಿಲ್ಲ.

ಲಾಕ್‌ಡೌನ್ ಮುಗಿದು ಪಾರ್ಲರ್ ತೆರೆದೊಡನೆ ನನಗೆ ಮತ್ತೆ ಅಮ್ಮನ ನೆನಪು ಉಕ್ಕಿತು, ಸ್ಕಾರ್ಫು ಬಿಚ್ಚುವ ಹೊತ್ತಿಗೆ ಜಡೆ ನೇರವಾಗಿತ್ತು. ಮಗಳ ಕೂದಲಿಗೆ ಪರಿಹಾರವೂ ಅತ್ತೆಯ ಹತ್ತಿರ ಇತ್ತು. ಮುಡಿ ಕೊಟ್ಟರೆ ಹೊಸ ಕೂದಲು ನೆಟ್ಟಗೆ ಬರುತ್ತದೆ. ಒಂದು ವರ್ಷ ತುಂಬಿದಾಗ ಮನೆದೇವರಿಗೆ ಮೊದಲ ಮುಡಿ ಕೊಟ್ಟೆವು, ಅದು ಎಲ್ಲ ಮಕ್ಕಳಿಗೂ ಇದ್ದದ್ದೇ. ಗುಂಗುರು ಮತ್ತೆ ಬಂತು. ಮೂರನೆಯ ವರ್ಷ ಇನ್ನೊಮ್ಮೆ ಕೊಟ್ಟೆವು, ಮತ್ತೆ ಬಂತು. ನಾಲ್ಕನೆಯ ವರ್ಷ ಮತ್ತೊಮ್ಮೆ. ದೇವರಿಗೇ ಸಾಕಾಗಿರಬೇಕು. ಪ್ರತಿಸಲವೂ ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಗುಂಗುರುಗಳು ನನ್ನ ಸೀರೆಯ ಮೇಲೆ ಬೀಳುವುದನ್ನು ನೋಡುತ್ತ, ನನ್ನ ನೇರ ಜಡೆಯನ್ನು ಬೆನ್ನ ಮೇಲೆ ಇಳಿಬಿಟ್ಟುಕೊಂಡು ಕೂತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆಗಲೂ ಆಗುತ್ತಿತ್ತು, ಆದರೆ ನಾಚಿಕೆಗಿಂತ ಹೆದರಿಕೆ ದೊಡ್ಡದಿತ್ತು.

ಮಗಳು ಒಂದನೇ ಕ್ಲಾಸಿಗೆ ಸೇರಿದಳು. ಸ್ಕೂಲಿನಿಂದ ಬಂದವಳೇ ಮೈ ಒರೆಸುವ ಟವೆಲನ್ನು ತಲೆಗೆ ಹೊದ್ದು, ಹೇರ್‌ಬ್ಯಾಂಡ್ ಹಾಕಿ, ಅದನ್ನು ಹಿಂದಕ್ಕೆ ಎಸೆಯುತ್ತ ಕನ್ನಡಿಯ ಮುಂದೆ ಓಡಾಡುತ್ತಿದ್ದಳು. ಅದು ಅವಳ ನೇರ ಕೂದಲು. ಟವೆಲಿಗೆ ಎರಡು ಜಡೆ ಹಾಕು ಎಂದು ನನ್ನ ಹತ್ತಿರ ಬರುತ್ತಿದ್ದಳು, ನಾನು ನಗುತ್ತ ಹಾಕುತ್ತಿದ್ದೆ. ಒಂದು ಭಾನುವಾರ ಅತ್ತೆ ಕ್ಯಾಲೆಂಡರ್ ತೆಗೆದುಕೊಂಡು ಕೂತರು. ನಾಲ್ಕನೆಯ ಮುಡಿಗೆ ಒಳ್ಳೆಯ ದಿನ ಹುಡುಕುತ್ತಿದ್ದರು. ಈ ಸಲ ಮಗಳು ಅಳುತ್ತಾಳೆ, ಬೋಳುತಲೆಯಲ್ಲಿ ಸ್ಕೂಲಿಗೆ ಹೋಗುವುದಿಲ್ಲ ಎಂದು ಹಟ ಮಾಡುತ್ತಾಳೆ, ಅವಳ ನೆಪದಲ್ಲಿ ನಾನೂ ಬೇಡವೆನ್ನಬಹುದು ಎಂದು ಲೆಕ್ಕ ಹಾಕಿಕೊಂಡಿದ್ದೆ.

ಅವಳು ಅಳಲಿಲ್ಲ. ಟವೆಲ್ ಹೊದ್ದುಕೊಂಡೇ ಅಜ್ಜಿಯ ಪಕ್ಕ ಹೋಗಿ ಕೂತಳು.

"ಅಜ್ಜಿ, ಈ ಸಲ ಬೋಳಿಸಿದ್ರೆ ಅಮ್ಮನ ಥರ ಬರ್ತದಾ?"

"ಬರ್ತದೆ ಕಣಮ್ಮ."

"ಬರ್ಲಿಲ್ಲ ಅಂದ್ರೆ?"

"ಇನ್ನೊಂದ್ಸಲ ಕೊಡಣ."

"ಹೂಂ," ಎಂದಳು ಮಗಳು. "ಬರೋ ತನಕ ಕೊಡಣ ಅಜ್ಜಿ. ನಾನು ಅಳಲ್ಲ."

ಆ "ಅಳಲ್ಲ" ಕೇಳಿದವಳೇ ಎದ್ದು ಒಳಗೆ ಹೋದೆ. ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿ, ಹತ್ತನೇ ಕ್ಲಾಸಿನ ಹಾಲ್ ಟಿಕೆಟ್ ಹುಡುಕಿ ತೆಗೆದು ಅತ್ತೆಯ ಮುಂದೆ ಇಟ್ಟೆ. ಅದರ ಫೋಟೊದಲ್ಲಿ ಮುಖ ಸ್ವಲ್ಪ, ಮಿಕ್ಕಿದ್ದೆಲ್ಲ ಕೂದಲು. ಎರಡು ಬದಿಯಲ್ಲೂ ಚೌಕಟ್ಟು ಸಾಲದೆ ಕತ್ತರಿಸಿಹೋಗಿತ್ತು.

ಅತ್ತೆ ಕನ್ನಡಕ ಒರೆಸಿಕೊಂಡರು. "ಇದ್ಯಾರಮ್ಮ?"

"ನಾನು, ಅತ್ತೆ."

ಬೈತಲೆ ಬಿಡಿಸಿ ಬುಡದ ಗುಂಗುರನ್ನೂ ತೋರಿಸಿದೆ. ಪಾರ್ಲರ್, ಔಷಧ, ತವರಿನ ನೆಪ, ಸ್ಕಾರ್ಫು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅತ್ತೆ ಹಾಲ್ ಟಿಕೆಟ್ ಎತ್ತಿ ನನ್ನ ಬೈತಲೆಯ ಪಕ್ಕಕ್ಕೆ ಹಿಡಿದು ನೋಡಿದರು. ಆಮೇಲೆ ಗೋಡೆಯ ಫೋಟೊ ನೋಡಿ ಹಣೆ ಚಚ್ಚಿಕೊಂಡರು.

"ಅಯ್ಯೋ ದೇವುಡಾ! ಆರು ವರ್ಷ ನನ್ನ ಕೈಲಿ ಮಾವಯ್ಯನ್ನ ಬೈಸಿದ್ಯಲ್ಲೇ!"

ನಾನು ಏನೆಲ್ಲ ಬೈಗುಳಕ್ಕೆ ತಯಾರಾಗಿದ್ದೆ, ಇದಕ್ಕೆ ತಯಾರಾಗಿರಲಿಲ್ಲ. ಅತ್ತೆ ಆಗಲೇ ಎದ್ದು ಹೋಗಿ ಹೂವು ತಂದು ಫೋಟೊಗೆ ಮುಡಿಸಿ, ಕೈ ಮುಗಿದು, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡರು. ನನ್ನೊಡನೆ ಮಾತು ಬಿಟ್ಟರು. ಹತ್ತು ದಿನ ಏನಿದ್ದರೂ ಮಗಳ ಮೂಲಕ. "ನಿಮ್ಮಮ್ಮನಿಗೆ ಹೇಳು, ಸಾರಿಗೆ ಉಪ್ಪು ಜಾಸ್ತಿ." ನಾನು ಪಕ್ಕದಲ್ಲೇ ಬಡಿಸುತ್ತ ನಿಂತಿರುತ್ತಿದ್ದೆ. ಮುಡಿಯ ಮಾತು ಮಾತ್ರ ಆ ದಿನವೇ ನಿಂತಿತು.

ನಾನು ಪಾರ್ಲರಿಗೆ ಹೋಗುವುದನ್ನೂ ಬಿಟ್ಟೆ. ಬಿಡುವುದು ಸುಲಭ, ಬಿಟ್ಟ ಮೇಲಿನ ತಲೆಯನ್ನು ಹೊತ್ತುಕೊಂಡು ತಿರುಗುವುದು ಕಷ್ಟ. ಮೇಲೆ ಗುಂಗುರು, ಕೆಳಗೆ ನೇರ. ಎರಡೂ ಸೇರುವ ಜಾಗದಲ್ಲಿ ಬಾಚಣಿಗೆ ಸಿಕ್ಕಿಕೊಂಡು ಕೂದಲು ಪಟಪಟ ತುಂಡಾಗುತ್ತಿತ್ತು. ಹನ್ನೊಂದನೆಯ ದಿನ ಹಿತ್ತಲಲ್ಲಿ ಕೂತು ಹಲ್ಲು ಕಚ್ಚಿಕೊಂಡು ಎಳೆಯುತ್ತಿದ್ದಾಗ ಅಡುಗೆಮನೆಯಿಂದ ಅತ್ತೆಯ ದನಿ ನೇರವಾಗಿ ನನಗೇ ಬಂತು.

"ಒಣಗಿದ್ದನ್ನ ಎಳೀತಾರೇನೇ? ಗೂಡು ಬೇಯಿಸ್ದೆ ಯಾರಾದ್ರೂ ನೂಲು ಬಿಚ್ತಾರಾ?"

ಬಂದವರೇ ಬಾಚಣಿಗೆ ಕಿತ್ತು ಪಕ್ಕಕ್ಕಿಟ್ಟರು. ಒಂದು ತಂಬಿಗೆ ಬೆಚ್ಚಗಿನ ನೀರು ಹೊಯ್ದು, ಹರಳೆಣ್ಣೆ ಸವರಿ, ತುದಿಯಿಂದ ಶುರುಮಾಡಿ ಬೆರಳಿನಲ್ಲೇ ಒಂದೊಂದು ಸಿಕ್ಕನ್ನೂ ಬಿಡಿಸಿದರು. ರೇಷ್ಮೆಗೂಡಿನ ಎಳೆ ಸಿಗುವುದೇ ಬಿಸಿನೀರಿನಲ್ಲಿ ಮೆತ್ತಗಾದ ಮೇಲೆ, ಬಲವಂತ ಮಾಡಿದರೆ ತುಂಡು, ಅವರ ಕೈಗೆ ಅದು ಗೊತ್ತು. ನಮ್ಮಮ್ಮನ ಮನೆಯಲ್ಲಿ ಇಪ್ಪತ್ತು ವರ್ಷ ಇಬ್ಬರು ಸೇರಿ ಮಾಡಿದ ಯುದ್ಧ ಇಲ್ಲಿ ಅರ್ಧ ಗಂಟೆಯಲ್ಲಿ ನೋವಿಲ್ಲದೆ ಮುಗಿಯಿತು. "ಮೊದ್ಲೇ ಹೇಳಿದ್ರೆ ಇಷ್ಟೊತ್ತಿಗೆ ಮಗೀಗೂ ಮಾಡ್ತಿದ್ನಲ್ಲ," ಎಂದರು. ದನಿಯಲ್ಲಿ ಇನ್ನೂ ಕೋಪ ಇತ್ತು, ಬೆರಳಿನಲ್ಲಿ ಇರಲಿಲ್ಲ. ಮರುದಿನದಿಂದ ಮಗಳನ್ನೂ ಹಾಗೆಯೇ ಕೂರಿಸಿಕೊಂಡರು.

ಆದರೆ ಮಗಳು ಟವೆಲ್ ಬಿಡಲಿಲ್ಲ. ಎಂಟು ತಿಂಗಳಾದ ಮೇಲೆ, ಕೆಳಗಿನ ನೇರ ಕೂದಲನ್ನು ಪೂರ್ತಿ ಕತ್ತರಿಸಿಬಿಡುತ್ತೇನೆ ಎಂದು ಹೇಳಿದಾಗ ಅವಳು ಗೋಳೋ ಎಂದು ಅತ್ತಳು. ಮೂರು ಮುಡಿಗೂ ಅಷ್ಟು ಅತ್ತಿರಲಿಲ್ಲ. "ನಿಂದೂ ಹೋದ್ರೆ ಚೆನ್ನಾಗಿರೋರು ಯಾರಮ್ಮ ಇರ್ತಾರೆ?" ಎಂದಳು. ಚೆನ್ನಾಗಿದೆ, ನಿನ್ನದೇ ಚೆನ್ನಾಗಿದೆ ಎಂದು ನಾನು ಎಷ್ಟು ಸಲ ಹೇಳಿದರೂ ಅವಳು ನಂಬುತ್ತಿರಲಿಲ್ಲ. ನಂಬುವಂಥದ್ದನ್ನು ನಾನು ಅವಳ ಎದುರು ಯಾವತ್ತೂ ಮಾಡಿರಲಿಲ್ಲವಲ್ಲ.

ಅದೇ ಚಿಕ್ಕಬಳ್ಳಾಪುರದ ಪಾರ್ಲರಿನಲ್ಲಿ ಕತ್ತರಿ ಹಾಕಿಸಿದೆ. "ಮೇಡಂ, ಇನ್ನೊಂದ್ಸಲ ಯೋಚ್ನೆ ಮಾಡಿ," ಎಂದು ಪಾರ್ಲರಿನವಳು ಮೂರು ಸಲ ಹೇಳಿದಳು. ಹತ್ತು ವರ್ಷ ಕಾಪಾಡಿದ ಜಡೆ ನೆಲದ ಮೇಲೆ ಬಿತ್ತು. ತಲೆ ಹಗುರವಾಗಿ, ಕಿವಿಗೆ ಗಾಳಿ ತಾಗಿ, ಕನ್ನಡಿಯಲ್ಲಿ ಹಾಲ್ ಟಿಕೆಟ್ಟಿನ ಹುಡುಗಿ ಸ್ವಲ್ಪ ದಪ್ಪಗಾಗಿ ಕೂತಿದ್ದಳು. ನಾನು ಅವಳನ್ನು ನೋಡಿ ನಕ್ಕೆ, ಆಮೇಲೆ ಮಗಳ ಅಳು ನೆನಪಾಗಿ ನಗು ನಿಂತಿತು. ಬಸ್ಸು ಶಿಡ್ಲಘಟ್ಟ ತಲುಪುವಾಗ ಸ್ಕೂಲು ಬಿಡುವ ಹೊತ್ತು. ನೇರವಾಗಿ ಅಲ್ಲಿಗೇ ಹೋದೆ.

ಗೇಟಿನಲ್ಲಿ ಹೊಸ ಆಯಾ. ನನ್ನನ್ನು ಅವರು ಯಾವತ್ತೂ ನೋಡಿರಲಿಲ್ಲ. ಯಾವ ಕ್ಲಾಸು, ಯಾವ ಮಗು ಎಂದು ಹೇಳಲು ನಾನು ಬಾಯಿ ತೆರೆಯುವ ಮೊದಲೇ ಒಮ್ಮೆ ನನ್ನ ತಲೆ ನೋಡಿ, ಒಳಗೆ ತಿರುಗಿ ನನ್ನ ಮಗಳ ಹೆಸರು ಕೂಗಿದರು.

"ಬಾರಮ್ಮ, ನಿಮ್ಮಮ್ಮ ಬಂದವ್ರೆ."

ಮಗಳು ಬ್ಯಾಗು ಎಳೆದುಕೊಂಡು ಬಂದಳು, ನನ್ನನ್ನು ನೋಡಿ ಅಲ್ಲೇ ನಿಂತಳು. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ನನಗೆ ಓಡಿಹೋಗೋಣ ಅನ್ನಿಸಿತು. ಅವಳ ಜೊತೆಗಿದ್ದ, ಉದ್ದನೆಯ ಎರಡು ಜಡೆಯ ಹುಡುಗಿ, "ಯಾರೇ ಅದು?" ಎಂದು ಕೇಳಿದಳು.

ಮಗಳು ಇನ್ನೊಮ್ಮೆ ನನ್ನ ತಲೆಯನ್ನು ಸುತ್ತಲೂ ನೋಡಿದಳು. ಒಂದು ಕೈ ಎತ್ತಿ ತನ್ನ ತಲೆಯನ್ನು ಮುಟ್ಟಿಕೊಂಡಳು.

"ನಮ್ಮಮ್ಮ ಕಣೇ," ಎಂದಳು. "ನನ್ನ ಥರ ಹುಟ್ಟಿರೋದು."