ಜೇಬು ತಡವುವ ಕೈ

"ಮುಖದಲ್ಲಿರೋದು ಕಣ್ಣೋ, ಅಂಗಿ ಗುಂಡಿಯೋ? ಒಂದು ಜೇಬು ನೋಡೋಕೆ ಬರದವನಿಗೆ ಈ ಕೆಲಸ ಯಾಕೆ?"

ಬೆಳಗಿನ ಆರೂಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ. ಒಗೆದ ಸಮವಸ್ತ್ರ ಒಯ್ಯಲು ಬಂದ ಒಂಬತ್ತು ಮಂದಿ ನರ್ಸ್‌ಗಳ ಎದುರಿಗೇ ಮೇಟ್ರನ್ ಅಲ್ಲಿನ ಕೆಲಸದವರೊಬ್ಬರಿಗೆ ಈ ಮಾತು ಆಡುತ್ತಾರೆ. ಮೇಜಿನ ಮೇಲೆ ಇಪ್ಪತ್ತಾರು ಬಿಳಿ ಅಂಗಿಗಳು ನೀಲಿ ಮಚ್ಚೆ ಹೊದ್ದು ಬಿದ್ದಿವೆ. ಯಾರದೋ ಪೆನ್ನು ಯಂತ್ರದ ಬಿಸಿನೀರಿನಲ್ಲಿ ಒಡೆದಿದೆ. ಯಾರದೆಂದು ಮಧ್ಯಾಹ್ನದೊಳಗೆ ಹೇಳಬೇಕು ಎಂದು ಗಡುವು ಕೊಟ್ಟು ಮೇಟ್ರನ್ ಮೆಟ್ಟಿಲು ಹತ್ತುತ್ತಾರೆ. ಬೈಸಿಕೊಂಡವರು ಮುಂದಿನ ಗಂಟು ಬಿಚ್ಚುತ್ತಾರೆ.

ಅವರ ನಿಜವಾದ ಹೆಸರು ಇರುವುದು ಹಾಜರಿ ಪುಸ್ತಕದಲ್ಲಿ ಮಾತ್ರ. ಉಳಿದವರ ಬಾಯಲ್ಲಿ ಅವರು ಜೇಬಣ್ಣ. ಹತ್ತೊಂಬತ್ತು ವರ್ಷದಿಂದ ಇದೇ ಕೋಣೆ, ಇದೇ ಸೋಪಿನ ಹಬೆ. ದಿನಕ್ಕೆ ನಾನೂರು ಹಾಸಿಗೆ ಬಟ್ಟೆ, ನೂರನಲವತ್ತು ಸಮವಸ್ತ್ರ. ಒಂದೊಂದಕ್ಕೆ ಎರಡು ಜೇಬು. ಒಂದನ್ನೂ ಬಿಡದೆ ಬೆರಳು ಹಾಕಿ ತಡವಿದ ಮೇಲೆಯೇ ಅಂಗಿ ಯಂತ್ರಕ್ಕೆ ಬೀಳುತ್ತದೆ. ಮೇಲಿನ ಮಹಡಿಯ ಗೋಡೆ ತುಂಬ ಪ್ರಶಸ್ತಿ ಫಲಕಗಳು, ಅವುಗಳ ಪಕ್ಕ ಹಾಲಿನಂಥ ಬಟ್ಟೆ ತೊಟ್ಟು ನಕ್ಕವರ ಫೋಟೋಗಳು. ಆ ಬಟ್ಟೆ ಬಿಳಿ ಮಾಡಿದವರನ್ನು ಫೋಟೋಗೆ ನಿಲ್ಲಿ ಎಂದು ಇವತ್ತಿನವರೆಗೆ ಯಾರೂ ಕರೆದಿಲ್ಲ.

ಎಂಟು ವರ್ಷದ ಹಿಂದೆ ಯಾರೋ ಜೇಬಿನಲ್ಲೇ ಮರೆತ, ರೋಗಿಗೆ ಚುಚ್ಚಿದ್ದ ಸೂಜಿ ಅವರ ಹೆಬ್ಬೆರಳಿಗೆ ಹೊಕ್ಕಿತ್ತು. ಆರು ತಿಂಗಳು ಪರೀಕ್ಷೆಯ ಮೇಲೆ ಪರೀಕ್ಷೆ. ಮನೆಯಲ್ಲಿ ಆಗಷ್ಟೇ ನಡೆಯಲು ಕಲಿತಿದ್ದ ಮಗಳು. "ರೋಗ ಏನೂ ಇರ್ಲಿಲ್ಲ ಅಂತ ಕೊನೆಗೆ ಗೊತ್ತಾಯ್ತು. ಅಲ್ಲೀವರೆಗೂ ಮಗು ಕೈ ಚಾಚಿದ್ರೆ ನಾನು ಕೈ ಬೆನ್ನ ಹಿಂದೆ ಇಟ್ಕೊಳ್ತಿದ್ದೆ. ಅವಳು ಆಟ ಅಂದ್ಕೊಂಡು ನಗ್ತಿದ್ಲು" ಎನ್ನುತ್ತಾರೆ.

ಜೇಬು ನೋಡಿ ನರ್ಸ್ ಎಷ್ಟು ದಿನದವಳೆಂದು ಅವರು ಹೇಳಬಲ್ಲರು. ಮೊದಲ ವಾರದ ಜೇಬು ಕಿರಾಣಿ ಅಂಗಡಿ: ಬಣ್ಣಬಣ್ಣದ ಪೆನ್ನು, ಬಾಚಣಿಗೆ, ಕಾಲೇಜಿನ ಟಿಪ್ಪಣಿ, ಅಮ್ಮ ಮಡಚಿ ಕೊಟ್ಟ ಕರವಸ್ತ್ರ. ಮೂರು ತಿಂಗಳಾಗುವಷ್ಟರಲ್ಲಿ ಎರಡು ಅಗ್ಗದ ಪೆನ್ನು, ಮೊಂಡು ಮೂತಿಯ ಕತ್ತರಿ, ಅಂಟುಪಟ್ಟಿ, ಅಂಗೈಯಗಲದ ಪುಸ್ತಕ, ಒಂದು ಚಾಕೊಲೇಟ್.

ಏಳು ಗಂಟೆಗೆ ಹೊಸ ಹುಡುಗಿಯೊಬ್ಬಳು ಕೆಳಗಿಳಿದು ಬರುತ್ತಾಳೆ. ಕೆಲಸಕ್ಕೆ ಸೇರಿ ಹನ್ನೊಂದನೇ ದಿನ. ಬೆಳಿಗ್ಗೆ ಬೈಗುಳ ಕೇಳಿಸಿಕೊಂಡ ಒಂಬತ್ತರಲ್ಲಿ ಒಬ್ಬಳು. ಪೆನ್ನು ತನ್ನದೇ, ಕೆಲಸ ಸಿಕ್ಕ ಖುಷಿಗೆ ಅಣ್ಣ ಕೊಡಿಸಿದ್ದು, ಕಳೆದುಹೋಯಿತೆಂದು ಎರಡು ದಿನದಿಂದ ಹುಡುಕುತ್ತಿದ್ದೆ ಎಂದು ತೊದಲುತ್ತಾಳೆ. ಜೇಬಣ್ಣನಿಗೆ ಇದು ಹೊಸ ಸುದ್ದಿಯಲ್ಲ. ಅಂಗಿಯ ಜೇಬಿನ ಮೂಲೆ ಹರಿದು, ಪೆನ್ನು ಕೆಳಗಿನ ಮಡಿಕೆಗೆ ಜಾರಿತ್ತು. ಒಡೆದ ಪೆನ್ನನ್ನು ಹೊರಗೆಳೆದವರು, ಅಂಗಿ ಯಾರದೆಂದು ಕಾಲರಿನ ಅಂಕಿ ಓದಿಕೊಂಡವರು ಅವರೊಬ್ಬರೇ. ಈಗ ಎಲ್ಲ ಅಂಗಿಗಳ ಮೇಲೂ ನೀಲಿ, ಪೆನ್ನು ಯಾವುದರಲ್ಲಿತ್ತೆಂದು ಬೇರೆಯವರಿಗೆ ಗುರುತು ಸಿಗದು.

ಮೊದಲ ಆರು ತಿಂಗಳಲ್ಲಿ ಒಂದು ತಪ್ಪು ದಾಖಲಾದರೂ ಹೊಸಬರನ್ನು ಮನೆಗೆ ಕಳಿಸುತ್ತಾರೆ. ಜೇಬಣ್ಣನ ಗುತ್ತಿಗೆಯೂ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅದು ಮುಂದುವರಿಯುವುದು ಮೇಟ್ರನ್ ಬರೆಯುವ ಒಂದು ಸಾಲಿನ ಮೇಲೆ ನಿಂತಿದೆ.

ಹೋಗಿ ಒಪ್ಪಿಕೊಳ್ಳಲೇ ಎಂದು ಹುಡುಗಿ ಕೇಳುತ್ತಾಳೆ. ಅದು ನಿನಗೆ ಬಿಟ್ಟದ್ದು, ನನ್ನ ಬಾಯಿಂದಂತೂ ಬರುವುದಿಲ್ಲ ಎನ್ನುತ್ತಾ ಅವರು ಡಬ್ಬಿಯಿಂದ ಸೂಜಿ ದಾರ ತೆಗೆದು, ಜೇಬು ಹರಿದ ಅಂಗಿಯ ಜೊತೆ ಅವಳ ಮುಂದಿಡುತ್ತಾರೆ.

"ನೋಡಮ್ಮಾ, ಮೊದಲು ಇದನ್ನ ತರಬೇಕು. ಜೇಬಿಗೆ ಏನು ತುಂಬ್ಕೊಳ್ಳಲಿ ಅಂತ ಎಲ್ರೂ ಕೇಳ್ತಾರೆ, ಜೇಬು ಗಟ್ಟಿ ಇದೆಯಾ ಅಂತ ಒಬ್ರೂ ನೋಡಲ್ಲ. ನಾಡಿ ಎಣಿಸೋಕೆ ಸೆಕೆಂಡ್ ಮುಳ್ಳಿರೋ ಗಡಿಯಾರ ಇರ್ಲಿ. ಇನ್ನೊಂದು ಜೊತೆ ಕಾಲುಚೀಲ ಇರ್ಲಿ, ಒದ್ದೆ ಕಾಲಲ್ಲಿ ಹನ್ನೆರಡು ಗಂಟೆ ನಿಲ್ಲೋಕಾಗಲ್ಲ. ಅಣ್ಣ ಕೊಟ್ಟಂಥ ಪೆನ್ನೆಲ್ಲ ಮನೇಲಿ. ಇಲ್ಲಿ ಡಾಕ್ಟರು ಇಸ್ಕೊಂಡ ಪೆನ್ನು ತಿರುಗಿ ಬಂದಿದ್ದು ನಾನಂತೂ ಕಂಡಿಲ್ಲ."

ಅಳುತ್ತಿದ್ದವಳು ನಕ್ಕುಬಿಡುತ್ತಾಳೆ. ಹೊಲಿಗೆ ವಕ್ರವಾಗುತ್ತದೆ. ಬಿಚ್ಚಿಸಿ ಮತ್ತೆ ಹಾಕಿಸುತ್ತಾರೆ. ಮಡಿಕೆ ತಡವದೆ ಅಂಗಿಯನ್ನು ಯಂತ್ರಕ್ಕೆ ಹಾಕಿದ್ದು ತನ್ನ ತಪ್ಪೇ ಎನ್ನುವುದನ್ನೂ ಅವಳಿಗೆ ಹೇಳಿ ಕಳಿಸುತ್ತಾರೆ.

ಆಸೆ ಏನಾದರೂ ಉಂಟೇ ಎಂದು ಯಾರಾದರೂ ಕೇಳಿದರೆ, ಅಂಗಿ ಹಿಂಡುತ್ತಲೇ ಹೇಳುತ್ತಾರೆ. "ಹೊಸಬರನ್ನ ಮೊದಲ ದಿನ ಆಸ್ಪತ್ರೆ ಪೂರ್ತಿ ಸುತ್ತಿಸ್ತಾರೆ. ಇಲ್ಲಿಗೆ ಮಾತ್ರ ಇಳಿಸಲ್ಲ. ಹತ್ತು ನಿಮಿಷ ಬಂದು ಹೋಗ್ಲಿ, ಸಾಕು."

ಮಧ್ಯಾಹ್ನ ಎರಡನೇ ಮಹಡಿ. ನರ್ಸ್‌ಗಳ ಮೇಜಿನ ಬಳಿ ಜೇಬಣ್ಣ ಗಾಡಿಯಿಂದ ಬಟ್ಟೆ ಇಳಿಸುತ್ತಿದ್ದಾರೆ. ಮೇಟ್ರನ್ ಕೈಯಲ್ಲಿ ವರದಿಯ ಹಾಳೆ.

"ಯಾರ ಜೇಬು ಅದು? ಹೇಳಲ್ಲ ಅಂದ್ರೆ ನಿನ್ನ ಹೆಸರೇ ಬರೀತೀನಿ."

ಮೇಜಿನ ಆಚೆ ನಿಂತ ಹೊಸ ಹುಡುಗಿ ಒಪ್ಪಿಕೊಳ್ಳಲು ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ಜೇಬಣ್ಣ ಹಾಸಿಗೆ ಬಟ್ಟೆಯ ಕಟ್ಟೊಂದನ್ನು ಅವಳ ತೋಳಿನ ಮೇಲಿಟ್ಟು, "ಹನ್ನೆರಡಿದೆ, ಎಣಿಸ್ಕೊಳ್ಳಮ್ಮಾ" ಎನ್ನುತ್ತಾರೆ.

ಮೇಟ್ರನ್ ಮತ್ತೊಮ್ಮೆ ಕೇಳುತ್ತಾರೆ. ಜೇಬಣ್ಣ ಗಾಡಿ ತಿರುಗಿಸಿ, ಮಕ್ಕಳ ವಾರ್ಡಿನ ಕಡೆ ನಡೆದುಬಿಡುತ್ತಾರೆ.