ನಡುವೆ ಓಡಾಡುವವನು

ಆಗ ನನಗೆ ಎಪ್ಪತ್ತೆರಡು. ಎರಡು ವರ್ಷದ ಹಿಂದಿನ ಮಾತು. ಓದುಬರಹ ನನಗೆ ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡು ಓದಬಲ್ಲೆ, ಹೀಗೆ ಕಾಗೆಕಾಲು ಗುಬ್ಬಿಕಾಲು ಗೀಚಬಲ್ಲೆ. ಚನ್ನಗಿರಿಗೆಂದು ಹೊರಟು ಹೊನ್ನಾಳಿಯಲ್ಲಿ ಇಳಿದವಳಲ್ಲ, ಸಾಕು. ಅಂಥವಳು ಓಆರ್‌ಎಂ ಎಂಬ ಕಂಪ್ಯೂಟರಿನ ಸಾಮಾನು ಬೇಕೋ ಬೇಡವೋ ಎಂದು ಬರೆಯಲು ಕೂತಿದ್ದೇನೆ. ನಗುವವರು ನಗಲಿ.

ಮೊಮ್ಮಗ ಮಂಜ ಜಗಳೂರಿನ ಸುಮಾಳನ್ನು ಮದುವೆಯಾಗಿ ನ್ಯಾಮತಿಯ ನಮ್ಮ ಮನೆಗೆ ತಂದಿದ್ದ. ಅವಳು ಮನೆಯಲ್ಲೇ ಒಂದು ಕತ್ತಲ ಮೂಲೆಯಲ್ಲಿ ಕೂತು ಕಂಪ್ಯೂಟರಿನ ಕೆಲಸ ಮಾಡುವವಳು. ನನ್ನ ಬಾಯಿಗೆ ಹೆದರಿ ನನ್ನೊಡನೆ ನೇರ ಮಾತಿಲ್ಲ, ಎಲ್ಲವೂ ಮಂಜನ ಮೂಲಕ. "ಅಜ್ಜಿಗೆ ಚಾ ಬೇಕಾ ಕೇಳ್ರೀ." ಬಂದು ಕೇಳುವನು. ಬೇಕು. ಹೋಗುವನು. "ಸಕ್ಕರೆ?" ಮತ್ತೆ ಬರುವನು. ಬೇಡ. "ಶುಂಠಿ?" ಅಷ್ಟರಲ್ಲಿ ನನ್ನ ಚಾದ ಆಸೆಯೇ ಆರಿಹೋಗಿರುತ್ತಿತ್ತು.

ನಾನೂ ಸೊಸೆಯಾಗಿದ್ದಾಗ ಮಾವನೆದುರು ಬಾಯಿ ಬಿಟ್ಟವಳಲ್ಲ. ಹೇಳಬೇಕಾದ್ದನ್ನು ಅವರ ಕಿವಿಗೆ ಬೀಳುವಂತೆ ಕರುವಿಗೆ ಹೇಳುತ್ತಿದ್ದೆ. ಕರು ವಾಸಿ. ಹೇಳಿದ್ದನ್ನು ತಿದ್ದುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಕಿಟಕಿ ಪಕ್ಕದ ಮಂಚದಲ್ಲಿ ತೂಕಡಿಸುತ್ತಿದ್ದೆ. ಒಳಗೆ ಸುಮಾ ಫೋನಿನಲ್ಲಿ ಯಾರೊಂದಿಗೋ ವಾದಿಸುತ್ತಿದ್ದಳು.

"ಏನಂತೋ ಅವಳ ಗೋಳು?"

ಮಂಜ ಒಳಹೋಗಿ ಕೇಳಿಕೊಂಡು ಬಂದ. "ಮೆಕ್ಕೆಜೋಳದ ದರ ತೋರ್ಸೋ ದೊಡ್ಡ ವೆಬ್‌ಸೈಟಜ್ಜಿ. ದರ ಎಲ್ಲಾ ಡೇಟಾಬೇಸ್ ಅನ್ನೋ ಉಗ್ರಾಣದಾಗೆ ಐತೆ. ಆ ಉಗ್ರಾಣದ ಭಾಷೆನೇ ಬೇರೆ. ಇವ್ರು ತಮ್ಮ ಭಾಷೆಯಾಗೆ ಹೇಳಿದ್ರೆ, ಓಆರ್‌ಎಂ ಅನ್ನೋದು ನಡುವೆ ನಿಂತು ಅದರ ಭಾಷೆಯಾಗೆ ಕೇಳಿ ತಂದ್ಕೊಡ್ತೈತೆ."

"ಒಳ್ಳೇದೇ ಆತಲ್ಲ."

"ಒಂದೊಂದು ಊರಿನ ದರಕ್ಕೂ ಒಂದೊಂದು ಸಲ ಓಡ್ತೈತಂತೆ. ಬೆಳಗ್ಗೆ ಜನ ಜಾಸ್ತಿ ಆದ್ರೆ ಸೈಟೇ ನಿಂತೋಗ್ತೈತೆ. ಅದನ್ನ ಕಿತ್ತಾಕಿ ಎಲ್ಲಾ ನೇರ ಬರೆಯೋಣ ಅಂತಾರೆ ಜೊತೆಗಾರರು."

"ಥೇಟ್ ನಿನ್ನಂಗೆ."

ಮಂಜ ನಗಲಿಲ್ಲ. "ಅಜ್ಜಿ, ನಾವು ಹೊನ್ನಾಳಿಯಾಗೆ ಬಾಡಿಗೆ ಮನೆ ನೋಡ್ತಿದೀವಿ. ಅವಳು ಇಲ್ಲಿ ಕೆಲಸ ಮಾಡೋದು ನಿಂಗೆ ಸೇರಲ್ಲ ಅಂತ ಅವಳಿಗೆ ಬೇಜಾರು."

"ಸೇರಲ್ಲ ಅಂತ ಯಾವನೋ ಹೇಳಿದ್ದು? ಕತ್ತಲಾಗೆ ಕಣ್ಣು ಹಾಳು ಮಾಡ್ಕೊತಾಳೆ ಅಂತ ಹೇಳಿ ಕಳಿಸಿದ್ನಲ್ಲೋ!"

"ನೀನಂದಿದ್ದು, ಆ ದರಿದ್ರ ಮೂಲೆ ಬಿಟ್ಟು ಏಳಾಕೆ ಹೇಳು ಅವಳಿಗೆ ಅಂತ. ಅದನ್ನ ಹಂಗೇ ಹೇಳಾಕಾಗ್ತೈತಾ? ಅಜ್ಜಿಗೆ ಆ ಮೂಲೆ ಬೇಕಂತೆ ಅಂದೆ."

ಉಗಿಯೋಣವೆಂದುಕೊಂಡೆ, ನಿದ್ದೆ ಎಳೆಯಿತು. ಹೊನ್ನಾಳಿಯ ಹೊಳೆ ಕಂಡಿತು. ಈ ದಡದಲ್ಲಿ ನಾನು, ಆ ದಡದಲ್ಲಿ ಸುಮಾ. ನನ್ನ ಮಾತುಗಳೆಲ್ಲ ಕುರಿಗಳಾಗಿ ನೀರಿನಂಚಿಗೆ ನಿಂತಿವೆ. ಮಂಜ ಒಂದೊಂದನ್ನೇ ಹೆಗಲ ಮೇಲೆ ಹೊತ್ತು ದಾಟಿಸುತ್ತಾನೆ. ಆಚೆ ಮುಟ್ಟುವಷ್ಟರಲ್ಲಿ ಕುರಿಗೆ ಕೊಂಬಿಲ್ಲ, ಕರಿಯದು ಬೆಳ್ಳಗಾಗಿದೆ, ಕೂಗು ಬೇರೆಯಾಗಿದೆ. ಸೂರ್ಯ ಮುಳುಗುವುದನ್ನು ಮರೆತು ನೀರ ಮೇಲೆ ಸುಮ್ಮನೆ ತೇಲುತ್ತಿದ್ದಾನೆ. ಪಕ್ಕದಲ್ಲೇ ಸೇತುವೆ ಇತ್ತು. ಅದರ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಎಚ್ಚರಾದಾಗ ಸುಮಾ ಇನ್ನೂ ಫೋನಿನಲ್ಲಿದ್ದಳು. "ಓಆರ್‌ಎಂ ಪೂರ್ತಿ ತೆಗೆಯೋದು ಬ್ಯಾಡ ಸರ್. ಯಾರಾದ್ರೂ ಕಿಡಿಗೇಡಿತನದ್ದು ಬರೆದು ಕಳಿಸಿದ್ರೆ ಡೇಟಾಬೇಸಿಗೆ ತಾಕದಂಗೆ ತಡೆಯೋದು ಅದೇ. ದಿನದ ಸಣ್ಣಪುಟ್ಟದ್ದಕ್ಕೆ ಇರ್ಲಿ. ದರದ ಪಟ್ಟಿಯಂಥ ಭಾರದ್ದನ್ನ ಮಾತ್ರ ನಾವೇ ನೇರ, ಒಂದೇ ಸಲಕ್ಕೆ ಕೇಳೋಣ."

ಹುಡುಗಿ ಸರಿಯಾಗೇ ಹೇಳಿದಳು. ದಿನವಿಡೀ ನನ್ನ ಮಾತಿನ ಮುಳ್ಳು ಕೀಳಲು ಮಂಜ ಬೇಕು. ಅವನಿಲ್ಲದಿದ್ದರೆ ಅವಳು ಎಂದೋ ಜಗಳೂರಿನ ಬಸ್ಸು ಹತ್ತಿರುತ್ತಿದ್ದಳು. ಆದರೆ ಮುಳ್ಳು ಕೀಳುವ ಭರದಲ್ಲಿ ಅವನು ಹಣ್ಣನ್ನೂ ಕಿತ್ತು ಎಸೆಯುತ್ತಾನೆ.

ಮರುದಿನ ಬೆಳಗ್ಗೆ ಮಂಜ ಏಳುವ ಮೊದಲೇ ನನ್ನ ಮಂಚವನ್ನು ಕಿಟಕಿಯಿಂದ ಆ ಕತ್ತಲ ಮೂಲೆಗೆ ಎಳೆದು ಹಾಕಿದೆ. ಅಡುಗೆಮನೆಗೆ ಹೋಗಿ ಸುಮಾಳ ಎದುರು ನಿಂತು ಒಂದೇ ಉಸಿರಿಗೆ ಹೇಳಿದೆ: "ಕಿಟಕಿ ನಿಂದು, ಟೇಬಲ್ ಅಲ್ಲಿ ಹಾಕ್ಕೋ, ಹೊನ್ನಾಳಿ ಗಿನ್ನಾಳಿ ಬ್ಯಾಡ, ಚಾ ಕೊಡು, ಸಕ್ಕರೆ ಬ್ಯಾಡ, ಶುಂಠಿ ಇರ್ಲಿ."